ಬೇಲಿ, ಅಂಗಡಿ, ಅಡಿಬರಹ

ಒಂದು ಪೊದೆ ಬೇಲಿಯ ಚಿತ್ರ. ಕಪ್ಪು ಬಿಳುಪು. ಚಿತ್ರದಲ್ಲಿ ಮನುಷ್ಯರಿಲ್ಲ, ಪೊಲೀಸರಿಲ್ಲ, ರಕ್ತವಿಲ್ಲ. ವಯಸ್ಸಾದ ಕಾಡು ಬಾದಾಮಿಯ ಗಿಡಗಳು ಒಂದರೊಳಗೊಂದು ಹೆಣೆದುಕೊಂಡು ನಿಂತಿವೆ, ಅಷ್ಟೆ. ಪುಟ ತಿರುವಿ ಮುಂದೆ ಹೋಗಿಬಿಡಬಹುದು. ಆದರೆ ಅದರ ಕೆಳಗಿನ ಅಡಿಬರಹ ನಮ್ಮನ್ನು ತಡೆಯುತ್ತದೆ. ದಕ್ಷಿಣ ಆಫ್ರಿಕದ ಮೊದಲ ಯುರೋಪಿಯನ್ ವಸಾಹತಿನೊಳಗೆ ಅಲ್ಲಿನ ಮೂಲನಿವಾಸಿಗಳಾದ ಖೊಯ್‌ಖೊಯ್ ಜನ ಬಾರದಂತೆ ತಡೆಯಲು 1660ರಲ್ಲಿ ನೆಟ್ಟ ಬೇಲಿಯ ಅವಶೇಷ ಇದು. ಸ್ಥಳ, ಕೇಪ್‌ಟೌನಿನ ಕಿರ್‌ಸ್ಟೆನ್‌ಬಾಷ್ ಸಸ್ಯೋದ್ಯಾನ. ಚಿತ್ರ ತೆಗೆದದ್ದು 1993ರಲ್ಲಿ.

ಆ ವರ್ಷ ವರ್ಣಭೇದದ ಕಾನೂನುಗಳು ಒಂದೊಂದಾಗಿ ಕಳಚಿಬಿದ್ದಾಗಿತ್ತು. ಮಂಡೇಲಾ ಬಿಡುಗಡೆಯಾಗಿ ಮೂರು ವರ್ಷ ಕಳೆದಿತ್ತು, ಎಲ್ಲರೂ ಮತ ಹಾಕುವ ಚುನಾವಣೆ ಮರುವರ್ಷವೇ ಇತ್ತು. ಜಗತ್ತಿನ ಕ್ಯಾಮೆರಾಗಳೆಲ್ಲ ಸಭೆ, ಮೆರವಣಿಗೆ, ಮಾತುಕತೆಗಳ ಕಡೆ ತಿರುಗಿದ್ದ ಹೊತ್ತಿನಲ್ಲಿ ಡೇವಿಡ್ ಗೋಲ್ಡ್‌ಬ್ಲಾಟ್ ಎಂಬ ಛಾಯಾಗ್ರಾಹಕ ಹೋಗಿ ಒಂದು ಬೇಲಿಯ ಚಿತ್ರ ತೆಗೆಯುತ್ತಾರೆ. 1998ರಲ್ಲಿ ಬಂದ, ದಕ್ಷಿಣ ಆಫ್ರಿಕದ ಕಟ್ಟಡಗಳನ್ನೂ ರಚನೆಗಳನ್ನೂ ಕುರಿತ ಅವರ ದೊಡ್ಡ ಗ್ರಂಥದಲ್ಲಿ ಈ ಚಿತ್ರವಿದೆ. ಪ್ರತ್ಯೇಕತೆ 1948ರಲ್ಲಿ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂದ ದಿನ ಹುಟ್ಟಿದ್ದಲ್ಲ, ಅದಕ್ಕೆ ಮುನ್ನೂರು ವರ್ಷಗಳ ಬೇರಿದೆ ಎಂಬ ಮಾತನ್ನು ಅವರು ಭಾಷಣದಲ್ಲಿ ಹೇಳಲಿಲ್ಲ. ಬೇರನ್ನೇ ತೋರಿಸಿದರು.

ವರ್ಣಭೇದದ ಚಿತ್ರ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಬೇರೆಯೇ ಒಂದು ಚಿತ್ರ. 1976ರ ಜೂನ್ 16ರಂದು ಸೊವೆಟೊದಲ್ಲಿ ಶಾಲಾಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಸ್ಯಾಮ್ ನ್ಜಿಮಾ ತೆಗೆದದ್ದು. ಗುಂಡೇಟು ತಿಂದ ಹೆಕ್ಟರ್ ಪೀಟರ್‌ಸನ್ ಎಂಬ ಬಾಲಕನನ್ನು ಇನ್ನೊಬ್ಬ ಹುಡುಗ ಎತ್ತಿಕೊಂಡು ಬರುತ್ತಿದ್ದಾನೆ, ಪಕ್ಕದಲ್ಲಿ ಅಕ್ಕ ಅಳುತ್ತ ಓಡುತ್ತಿದ್ದಾಳೆ. ಆ ಚಿತ್ರಕ್ಕೆ ಅಡಿಬರಹ ಬೇಕಿಲ್ಲ. ಅದು ಕೂಗುತ್ತದೆ, ಕೂಗಬೇಕಾದದ್ದೂ ಸರಿಯೇ. ಅದರ ಮೌಲ್ಯವನ್ನು ಕಡಿಮೆ ಮಾಡುವ ಉದ್ದೇಶ ನಮಗಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಜೂನ್ 15ರಂದು ಆ ದೇಶ ಹೇಗೆ ಕಾಣುತ್ತಿತ್ತು? ಗುಂಡು ಹಾರದ ಸಾವಿರಾರು ಸಾಮಾನ್ಯ ದಿನಗಳಲ್ಲಿ ಅನ್ಯಾಯದ ಮುಖ ಯಾವುದು?

ಈ ಪ್ರಶ್ನೆ ಸುಲಭದ್ದಲ್ಲ. ಏಕೆಂದರೆ ವರ್ಣಭೇದವು ಬಹುಮಟ್ಟಿಗೆ ಕಡತಗಳಲ್ಲಿ ನಡೆದ ಹಿಂಸೆ. 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಪ್ರತಿಯೊಬ್ಬ ಪ್ರಜೆಗೂ ಒಂದು ಜನಾಂಗವನ್ನು ನಿಗದಿಪಡಿಸಿತು. ಅದೇ ವರ್ಷದ ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಜನಾಂಗ ಯಾವ ಬೀದಿಯಲ್ಲಿ ಬದುಕಬೇಕೆಂದು ಗೆರೆ ಎಳೆಯಿತು. 1953ರಲ್ಲಿ ಬೆಂಚು, ಬಾಗಿಲು, ಕಡಲತೀರಗಳೂ ವಿಂಗಡಣೆಯಾದವು. ಕಪ್ಪು ಜನರು ಪಾಸ್‌ಪುಸ್ತಕವಿಲ್ಲದೆ ನಗರದ ರಸ್ತೆಯಲ್ಲಿ ನಡೆಯುವಂತಿರಲಿಲ್ಲ. ಗುಮಾಸ್ತರ ಸೀಲಿನ ಸದ್ದು ಫೋಟೊದಲ್ಲಿ ಬರುವುದಿಲ್ಲ. ಅದು ಬದುಕಿನ ಮೇಲೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ತಾಳ್ಮೆಯಿಂದ ಕಾದು ನೋಡಬೇಕು.

ಗೋಲ್ಡ್‌ಬ್ಲಾಟ್ ಹುಟ್ಟಿದ್ದು 1930ರಲ್ಲಿ, ಜೊಹಾನ್ಸ್‌ಬರ್ಗಿನ ಪಶ್ಚಿಮಕ್ಕಿರುವ ರ್‍ಯಾಂಡ್‌ಫಾಂಟೈನ್ ಎಂಬ ಚಿನ್ನದ ಗಣಿಯ ಊರಿನಲ್ಲಿ. ಅವರ ಹಿರಿಯರು ಲಿಥುವೇನಿಯದಿಂದ ಕಿರುಕುಳಕ್ಕೆ ಹೆದರಿ ಓಡಿಬಂದ ಯಹೂದಿಗಳು. ತಂದೆಗೆ ಗಂಡಸರ ಉಡುಪಿನ ಅಂಗಡಿಯಿತ್ತು, ಮಗನೂ ವರ್ಷಗಳ ಕಾಲ ಅದೇ ಗಲ್ಲಾದ ಹಿಂದೆ ನಿಂತರು. ತಂದೆ ತೀರಿಕೊಂಡ ಮೇಲೆ 1963ರಲ್ಲಿ ಅಂಗಡಿ ಮಾರಿ ಪೂರ್ಣಕಾಲದ ಛಾಯಾಗ್ರಾಹಕರಾದರು. ಈ ಅಂಗಡಿಯ ಸಂಗತಿಯನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ, ಮುಂದೆ ಅದಕ್ಕೆ ಕೆಲಸವಿದೆ.

1964ರಲ್ಲಿ ಅವರು ಪಶ್ಚಿಮ ಟ್ರಾನ್ಸ್‌ವಾಲಿನ ಒಂದು ತೋಟದಲ್ಲಿ ತೆಗೆದ ಚಿತ್ರವೊಂದಿದೆ. ಬಿಳಿಯ ರೈತನ ಮಗ, ಪುಟ್ಟ ಹುಡುಗ, ತನ್ನ ಕಪ್ಪು ದಾದಿಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾನೆ. ಅವಳೂ ಹೆಚ್ಚು ವಯಸ್ಸಿನವಳಲ್ಲ. ಅವಳ ಕೈ ಹಿಂದಕ್ಕೆ ಚಾಚಿ ಅವನ ಕಾಲನ್ನು ಹಿಡಿದಿದೆ. ಹಿಂದೆ ತಂತಿಬೇಲಿ. ಇಬ್ಬರ ನಡುವಿನ ಮಮತೆ ಸುಳ್ಳಲ್ಲ, ಅದು ಚಿತ್ರದಲ್ಲಿ ಕಣ್ಣಿಗೆ ಕಾಣುತ್ತದೆ. ಈ ಹುಡುಗ ಇನ್ನು ಹತ್ತು ವರ್ಷಕ್ಕೆ ಅವಳ ಯಜಮಾನನಾಗುತ್ತಾನೆ ಎಂಬುದೂ ಸುಳ್ಳಲ್ಲ. ಗೋಲ್ಡ್‌ಬ್ಲಾಟ್ ಎರಡನೆಯದನ್ನು ಹೇಳುವುದಿಲ್ಲ. ಬೇಲಿಯನ್ನು ಚೌಕಟ್ಟಿನೊಳಗೆ ಉಳಿಸಿ ಸುಮ್ಮನಾಗುತ್ತಾರೆ.

ಇದೇ ವಿಷಯವನ್ನು ಅದೇ ದಶಕದಲ್ಲಿ ಇನ್ನೊಬ್ಬರು ಚಿತ್ರಿಸಿದರು. ಬಿಳಿಯರ ಮಗುವನ್ನು ಎತ್ತಿಕೊಂಡ ಕಪ್ಪು ಮನೆಗೆಲಸದಾಕೆ. ಅದರ ಅಡಿಬರಹದಲ್ಲಿ ಆಕೆಯ ಮಾತೇ ಇದೆ: ಈ ಮಗುವಿನ ಮೇಲೆ ತನಗೆ ಪ್ರೀತಿಯಿದೆ, ಆದರೆ ದೊಡ್ಡವಳಾದ ಮೇಲೆ ಇವಳೂ ತಾಯಿಯಂತೆಯೇ ತನ್ನನ್ನು ನಡೆಸಿಕೊಳ್ಳುವಳೆಂದು ತನಗೆ ಗೊತ್ತು ಎಂಬರ್ಥದ್ದು. ಗೋಲ್ಡ್‌ಬ್ಲಾಟ್ ಹೇಳದೆ ಬಿಟ್ಟದ್ದನ್ನು ಇಲ್ಲಿ ದಾದಿಯೇ ಹೇಳುತ್ತಾಳೆ. ಆ ಚಿತ್ರ ತೆಗೆದವರು ಅರ್ನೆಸ್ಟ್ ಕೋಲ್, ಸ್ವತಃ ಕಪ್ಪು ಮನುಷ್ಯ. ದಾದಿಯ ಮಾತು ಕೇಳುವ ಸಲುಗೆ, ಅವಳಿಗೆ ಮಾತಾಡಲು ಬೇಕಾದ ಧೈರ್ಯ, ಎರಡೂ ಅವರ ಮುಂದೆ ಹುಟ್ಟಿದವು. ಈ ಜೋಡಿಯಲ್ಲಿ ನಮಗೆ ಹೆಚ್ಚು ಇಷ್ಟವಾದದ್ದು ಕೋಲ್ ಅವರ ಚಿತ್ರ ಎಂಬುದನ್ನು ಮುಚ್ಚಿಡಬೇಕಿಲ್ಲ.

ಕೋಲ್ ಅವರ ಕತೆಯನ್ನು ತುಸು ವಿವರವಾಗಿಯೇ ಹೇಳಬೇಕು. ಪ್ರಿಟೋರಿಯದ ಬಳಿ 1940ರ ಮಾರ್ಚ್ 21ರಂದು ಜನನ. ಅವರಿಗೆ ಇಪ್ಪತ್ತು ತುಂಬಿದ ದಿನವೇ ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನನ್ನು ವಿರೋಧಿಸಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಅವರ ಮನೆತನದ ಹೆಸರು ಕೋಲೆ. ಅದನ್ನು ಇಂಗ್ಲಿಷಿನ ಕೋಲ್ ಎಂದು ಬದಲಿಸಿಕೊಂಡು, ಜನಾಂಗ ನಿರ್ಧರಿಸುವ ಅಧಿಕಾರಿಗಳ ಮುಂದೆ ನಿಂತು, ತಾನು ಕಪ್ಪು ಅಲ್ಲ, ಮಿಶ್ರವರ್ಣದವನು ಎಂದು ಬರೆಸಿಕೊಂಡರು. ಆ ಒಂದು ಕಾಗದದಿಂದ ಅವರಿಗೆ ಪಾಸ್‌ಪುಸ್ತಕದ ಕಾಟ ತಪ್ಪಿತು, ಊರೂರು ತಿರುಗುವ ಅವಕಾಶ ದೊರೆಯಿತು. ತನ್ನ ಜನರ ಬದುಕನ್ನು ಜಗತ್ತಿಗೆ ತೋರಿಸಲು ಒಬ್ಬ ಮನುಷ್ಯ ಕಾಗದದ ಮೇಲೆ ತನ್ನ ಜನರಿಂದಲೇ ಹೊರಗಾಗಬೇಕಾಯಿತು!

ಗಣಿಗಳ ಒಳಗೆ ಕ್ಯಾಮೆರಾ ಒಯ್ಯುವಂತಿರಲಿಲ್ಲ. ಕೋಲ್ ಅದನ್ನು ಬುತ್ತಿಯ ಚೀಲದಲ್ಲಿ ಅಡಗಿಸಿ ಒಯ್ದರು. ಕೆಲಸಕ್ಕೆ ಸೇರಲು ಬಂದ ಗಂಡಸರನ್ನು ಬಟ್ಟೆ ಬಿಚ್ಚಿಸಿ, ಗೋಡೆಗೆ ಮುಖ ಮಾಡಿಸಿ, ಕೈ ಮೇಲೆತ್ತಿಸಿ ಸಾಲಾಗಿ ನಿಲ್ಲಿಸಿರುವ ವೈದ್ಯಕೀಯ ತಪಾಸಣೆಯ ಚಿತ್ರ ಹೀಗೆ ಸಿಕ್ಕಿದ್ದು. ಆ ಚಿತ್ರದಲ್ಲಿ ಯಾರೂ ಯಾರನ್ನೂ ಹೊಡೆಯುತ್ತಿಲ್ಲ. ನಮಗೆ ಕಾಣುವುದು ಬೆನ್ನುಗಳು ಮಾತ್ರ. ಮುಖ ತೋರಿಸದಿರುವುದೇ ಆ ಗಂಡಸರಿಗೆ ಛಾಯಾಗ್ರಾಹಕ ಸಲ್ಲಿಸಿದ ಮರ್ಯಾದೆಯೂ ಹೌದು, ಅವರನ್ನು ಲೆಕ್ಕದ ತಲೆಗಳನ್ನಾಗಿಸಿದ ವ್ಯವಸ್ಥೆಯ ಮೇಲಿನ ದೂರೂ ಹೌದು. ಅವರ ಇನ್ನೊಂದು ಚಿತ್ರದಲ್ಲಿ ಡೆಸ್ಕಿಲ್ಲದ ಶಾಲೆಯ ನೆಲದಲ್ಲಿ ಕುಳಿತ ಹುಡುಗನೊಬ್ಬ ಹಲಗೆಯ ಕಡೆಗೆ ಕಣ್ಣು ನೆಟ್ಟಿದ್ದಾನೆ, ಮುಖದ ತುಂಬ ಬೆವರು. ಆ ಏಕಾಗ್ರತೆಯನ್ನು ನೋಡಿದ ಮೇಲೆ, ಕಪ್ಪು ಮಕ್ಕಳಿಗೆ ಕೂಲಿಗೆ ಬೇಕಾದಷ್ಟೇ ಓದು ಸಾಕೆಂದು ನಿರ್ಧರಿಸಿದ 1953ರ ಬಾಂಟು ಶಿಕ್ಷಣ ಕಾಯ್ದೆಯ ಬಗ್ಗೆ ಬೇರೆ ಟೀಕೆ ಬೇಕಿಲ್ಲ.

1966ರಲ್ಲಿ ಕೋಲ್ ಪೊಲೀಸರ ಕೈಗೆ ಸಿಕ್ಕರು. ಮಾಹಿತಿದಾರನಾಗು ಎಂಬ ಒತ್ತಡ ಬಂತು. ತೀರ್ಥಯಾತ್ರೆಗೆ ಫ್ರಾನ್ಸಿನ ಲೂರ್ಡ್‌ಗೆ ಹೋಗುವ ನೆಪ ಹೇಳಿ ದೇಶ ಬಿಟ್ಟರು. ಮರುವರ್ಷ ನ್ಯೂಯಾರ್ಕಿನಲ್ಲಿ ‘ಹೌಸ್ ಆಫ್ ಬಾಂಡೇಜ್’ ಪ್ರಕಟವಾಯಿತು. ದಕ್ಷಿಣ ಆಫ್ರಿಕ ಅದನ್ನು ನಿಷೇಧಿಸಿತು. ಅವರು ಮತ್ತೆ ತಾಯ್ನೆಲ ನೋಡಲಿಲ್ಲ. ಅಮೆರಿಕದಲ್ಲಿ ಕೆಲಕಾಲ ಚಿತ್ರ ತೆಗೆದರು, ಬಳಿಕ ಕೈಬಿಟ್ಟರು, ಮನೆಯಿಲ್ಲದೆ ಅಲೆದರು. 1990ರ ಫೆಬ್ರವರಿ 11ರಂದು ಮಂಡೇಲಾ ಸೆರೆಮನೆಯಿಂದ ಹೊರಬಂದರು, 19ರಂದು ಕೋಲ್ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ವಯಸ್ಸು 49.

ಇದನ್ನು ಓದಿದ ಮೇಲೆ ಗೋಲ್ಡ್‌ಬ್ಲಾಟ್ ಅವರ ಮೌನದ ಬಗ್ಗೆ ಒಂದು ಅನುಮಾನ ಏಳುವುದು ಸಹಜ. ಬಿಳಿಯ ಚರ್ಮದ ಮನುಷ್ಯ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಬೆಳಕು ಬರುವವರೆಗೆ ಕಾಯಬಹುದು. ಬುತ್ತಿಯ ಚೀಲದಿಂದ ಚಿತ್ರ ತೆಗೆಯುವವನಿಗೆ ಆ ಸಾವಧಾನ ಎಲ್ಲಿಂದ ಬರಬೇಕು? ಶಾಂತವಾಗಿ ನೋಡುವುದೂ ಅಲ್ಲಿ ಬಿಳಿಯರಿಗೆ ಮೀಸಲಾದ ಸವಲತ್ತುಗಳಲ್ಲಿ ಒಂದಾಗಿತ್ತು. 1980ರ ದಶಕದ ಹೋರಾಟನಿರತ ಛಾಯಾಗ್ರಾಹಕರಲ್ಲಿ ಕೆಲವರು ಗೋಲ್ಡ್‌ಬ್ಲಾಟ್ ಅವರನ್ನು ಇದೇ ಕಾರಣಕ್ಕೆ ಟೀಕಿಸಿದರು. ಕ್ಯಾಮೆರಾ ಬಂದೂಕಲ್ಲ ಎಂಬುದು ಅವರ ನಿಲುವಾಗಿತ್ತು. ಬಂದೂಕಿನೆದುರು ನಿಂತವರಿಗೆ ಅದು ಹೇಗೆ ಕೇಳಿಸಿರಬಹುದು ಎಂಬುದನ್ನು ಊಹಿಸಬಹುದು.

ನಾವು ಈ ಟೀಕೆಯನ್ನು ಅರ್ಧ ಒಪ್ಪುತ್ತೇವೆ. ಉಳಿದರ್ಧವನ್ನು ಒಪ್ಪದಿರಲು ಕಾರಣ ಅವರು ತಮ್ಮ ಸವಲತ್ತನ್ನು ಬಳಸಿಕೊಂಡ ರೀತಿ. 1975ರಲ್ಲಿ ಅವರು ಆಫ್ರಿಕಾನರ್ ಜನರನ್ನು ಕುರಿತ ಪುಸ್ತಕ ತಂದರು. 1982ರಲ್ಲಿ ಬಾಕ್ಸ್‌ಬರ್ಗ್ ಎಂಬ, ಬಿಳಿಯರಿಗಾಗಿಯೇ ಇದ್ದ ಊರಿನ ಮೇಲೆ ಇನ್ನೊಂದು. ಅಲ್ಲಿನ ಒಂದು ಚಿತ್ರ ಪ್ರಸಿದ್ಧವಾಗಿದೆ: 1980ರ ಜೂನ್ ತಿಂಗಳ ಶನಿವಾರ ಬೆಳಿಗ್ಗೆ ದೊಡ್ಡ ಮಳಿಗೆಯೊಂದರಲ್ಲಿ ಚೆಲುವಾದ ಕಾಲಿನ ಸ್ಪರ್ಧೆಯ ಉಪಾಂತ್ಯ ಸುತ್ತು. ವೇದಿಕೆಯ ಮೇಲೆ ಬಿಳಿಯ ಯುವತಿಯರು, ನೋಡುವವರಲ್ಲಿ ಕಪ್ಪು ಮುಖಗಳೂ ಇವೆ. ಸಾಮಾನು ಕೊಳ್ಳಲು ಬರಬಹುದು, ಊರಿನಲ್ಲಿ ನೆಲೆಸುವಂತಿಲ್ಲ. ಈ ಪುಸ್ತಕದಲ್ಲಿ ರಾಕ್ಷಸರಿಲ್ಲ. ಹುಲ್ಲು ಕತ್ತರಿಸುವವರು, ಚರ್ಚಿಗೆ ಹೋಗುವವರು, ಮಗಳಿಗೆ ನೃತ್ಯ ಕಲಿಸುವವರು, ಇವರೇ ಇದ್ದಾರೆ. ಇಷ್ಟು ಸಭ್ಯ ಜನ ಇಷ್ಟು ದೊಡ್ಡ ಅನ್ಯಾಯವನ್ನು ಹೇಗೆ ನೆಮ್ಮದಿಯಿಂದ ಅನುಭವಿಸಿದರು? ಗೋಲ್ಡ್‌ಬ್ಲಾಟ್ ತಾನು ಈ ಸಮಾಜದ ಹೊರಗಿನವನೆಂದು ನಟಿಸಲಿಲ್ಲ. ಸಾಕ್ಷ್ಯವು ನಿಮಗೇ ವಿರುದ್ಧವಾಗಿದ್ದರೂ ನ್ಯಾಯದ ಪರ ನಿಲ್ಲಬೇಕೆಂಬ ಕುರ್‌ಆನಿನ ಆದೇಶ (ಅನ್ನಿಸಾ ಅಧ್ಯಾಯ, 135) ನಮ್ಮ ಓದುಗರಿಗೆ ಪರಿಚಿತ. ಈ ಯಹೂದಿ ಛಾಯಾಗ್ರಾಹಕನ ಬಾಕ್ಸ್‌ಬರ್ಗ್ ಚಿತ್ರಗಳು ಆ ಬಗೆಯ ಸಾಕ್ಷ್ಯ ಎಂದು ನಮಗೆ ಅನಿಸಿದೆ.

ಈಗ ಅಂಗಡಿಯ ವಿಷಯಕ್ಕೆ ಬರೋಣ. ಜೊಹಾನ್ಸ್‌ಬರ್ಗಿನಲ್ಲಿ ಪೇಜ್‌ವ್ಯೂ ಎಂಬ ಬಡಾವಣೆ. ಅಲ್ಲಿನ ಜನರ ಬಾಯಲ್ಲಿ ಅದು ಫಿಯೆಟಾಸ್. ಭಾರತೀಯ ಮೂಲದವರು, ಮಲಾಯಿಗಳು, ಮಿಶ್ರವರ್ಣದವರು ಒತ್ತೊತ್ತಾಗಿ ಬದುಕಿದ್ದ ಜಾಗ. ಹದಿನಾಲ್ಕನೇ ಬೀದಿಯ ಬಟ್ಟೆ ಅಂಗಡಿಗಳಿಗೆ ನಗರದ ಎಲ್ಲ ಬಣ್ಣದ ಗಿರಾಕಿಗಳೂ ಬರುತ್ತಿದ್ದರು. ವರ್ತಕರಲ್ಲಿ ಬಹಳ ಮಂದಿ ಗುಜರಾತಿ ಮೂಲದ ಮುಸ್ಲಿಮರು, ಕೆಳಗೆ ಅಂಗಡಿ, ಮೇಲೆ ಅಥವಾ ಹಿಂದೆ ಮನೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಹಮೀದಿಯಾ ಮಸೀದಿಯ ಅಂಗಳದಲ್ಲೇ 1908ರ ಆಗಸ್ಟ್ 16ರಂದು ಗಾಂಧೀಜಿಯವರ ನೇತೃತ್ವದಲ್ಲಿ ಭಾರತೀಯರು ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ದೊಡ್ಡ ಕಡಾಯಿಯಲ್ಲಿ ಹಾಕಿ ಸುಟ್ಟದ್ದು. ಅರ್ಧ ಶತಮಾನ ಕಳೆಯುವಷ್ಟರಲ್ಲಿ, 1956ರಲ್ಲಿ, ಗ್ರೂಪ್ ಏರಿಯಾಸ್ ಕಾಯ್ದೆಯಡಿ ಫಿಯೆಟಾಸ್ ಬಿಳಿಯರ ಪ್ರದೇಶವೆಂದು ಘೋಷಣೆಯಾಯಿತು. ಜನ ಕೋರ್ಟಿಗೆ ಹೋದರು, ವರ್ಷಗಟ್ಟಲೆ ಜಗ್ಗಿದರು. 1970ರ ದಶಕದಲ್ಲಿ ಎತ್ತಂಗಡಿ ನಡೆದೇಹೋಯಿತು. ಕುಟುಂಬಗಳಿಗೆ ದೂರದ ಲೆನೇಷಿಯಾ, ವರ್ತಕರಿಗೆ ಫೋರ್ಡ್ಸ್‌ಬರ್ಗಿನಲ್ಲಿ ನಗರಸಭೆ ಕಟ್ಟಿಸಿದ ಓರಿಯಂಟಲ್ ಪ್ಲಾಜಾ ಎಂಬ ವ್ಯಾಪಾರ ಸಂಕೀರ್ಣ.

ಗೋಲ್ಡ್‌ಬ್ಲಾಟ್ 1976–77ರಲ್ಲಿ ಅಲ್ಲಿಗೆ ಹೋಗಿ ಚಿತ್ರ ತೆಗೆದರು. ಒಂದು ಚಿತ್ರದಲ್ಲಿ ಒಬ್ಬ ವರ್ತಕ, ಪುಟ್ಟ ಮಗಳು, ಅವರ ಅಂಗಡಿ. ಬುಲ್ಡೋಜರ್ ಕಾಣುವುದಿಲ್ಲ. ತಂದೆ ಕಣ್ಣೀರು ಹಾಕುತ್ತಿಲ್ಲ. ನಮ್ಮ ಊರಿನ ಯಾವುದೇ ಪೇಟೆ ಬೀದಿಯ ಅಂಗಡಿಯಲ್ಲಿ ಶಾಲೆ ಬಿಟ್ಟ ಮೇಲೆ ಅಪ್ಪನ ಬಳಿ ಬಂದು ಕೂರುವ ಮಗಳನ್ನು ನಾವು ನೋಡಿಯೇ ಇರುತ್ತೇವೆ. ಅಡಿಬರಹ ಹೇಳುವುದಿಷ್ಟು: ಇಂಥವರು ತಮ್ಮ ಮಗಳೊಂದಿಗೆ, ಗ್ರೂಪ್ ಏರಿಯಾಸ್ ಕಾಯ್ದೆಯಡಿ ನಾಶವಾಗುವ ಮುನ್ನ, ತಮ್ಮ ಅಂಗಡಿಯಲ್ಲಿ, ಫಿಯೆಟಾಸ್, 1977.

‘ನಾಶವಾಗುವ ಮುನ್ನ’ ಎಂಬ ಆ ಮಾತನ್ನು ಓದಿದ ಕಣ್ಣು ಮತ್ತೆ ಚಿತ್ರಕ್ಕೆ ಹಿಂತಿರುಗಿದಾಗ ಚಿತ್ರ ಮೊದಲಿನದಾಗಿರುವುದಿಲ್ಲ. ಪ್ರತಿಯೊಂದು ಕಪಾಟೂ ಈಗ ಎಣಿಕೆಗೆ ಬರುತ್ತದೆ. ಮಗುವಿನ ಮುಖ ನೋಡಿ, ಇವಳಿಗೆ ಎಷ್ಟು ಗೊತ್ತಿದೆ ಎಂದು ಹುಡುಕುತ್ತೇವೆ. ನೆಲಸಮವಾದ ಗೋಡೆಯ ಚಿತ್ರವಾಗಿದ್ದರೆ ಅಯ್ಯೋ ಎಂದು ಮುಂದೆ ಹೋಗುತ್ತಿದ್ದೆವು. ಇಲ್ಲಿ ನಮ್ಮನ್ನು ಕಾಯುವ ಜಾಗದಲ್ಲಿ ನಿಲ್ಲಿಸಲಾಗಿದೆ, ಆ ಕುಟುಂಬದ ಜೊತೆಗೆ. ಕಾಯ್ದೆಯ ಹೆಸರನ್ನು ಅಡಿಬರಹದಲ್ಲಿ ಸೇರಿಸಿದ್ದರ ಮಹತ್ವವೂ ಕಡಿಮೆಯಲ್ಲ. ಸುಮ್ಮನೆ ‘ಒಡೆಯುವ ಮುನ್ನ’ ಎಂದಿದ್ದರೆ ಅದು ವಿಧಿಯಾಗುತ್ತಿತ್ತು, ನಗರ ಬೆಳೆಯುವಾಗ ಹಳೆಯದು ಹೋಗುತ್ತದೆ ಎಂಬ ಸಮಾಧಾನಕ್ಕೆ ಎಡೆಯಾಗುತ್ತಿತ್ತು. ಕಾಯ್ದೆಯನ್ನು ಹೆಸರಿಸಿದ ಕೂಡಲೇ ಅದು ಯಾರೋ ಕೂತು ಬರೆದು, ಯಾರೋ ಮತ ಹಾಕಿ, ಯಾರೋ ಸಹಿ ಮಾಡಿದ ಕೃತ್ಯವಾಗುತ್ತದೆ. ತಂದೆಯ ಅಂಗಡಿಯನ್ನು ತಾನಾಗಿಯೇ ಮಾರಿ ಹೊರಬಂದ ಒಬ್ಬ ಬಟ್ಟೆ ವ್ಯಾಪಾರಿ, ಅಂಗಡಿ ಕಸಿಯಲ್ಪಡುತ್ತಿರುವ ಇನ್ನೊಬ್ಬ ವ್ಯಾಪಾರಿಯ ಎದುರು ಕ್ಯಾಮೆರಾ ಹಿಡಿದು ನಿಂತ ಗಳಿಗೆ ಇದು. ಮಾರುವ ಸ್ವಾತಂತ್ರ್ಯಕ್ಕೂ ಬಿಡುವ ಬಲವಂತಕ್ಕೂ ಇರುವ ಅಂತರ ಅವರಿಗೆ ಚೆನ್ನಾಗಿ ತಿಳಿದಿದ್ದಿರಬೇಕು.

ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ಇದೇ ಕಾಯ್ದೆ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿತು. ಮನೆಗಳೆಲ್ಲ ಹೋಗಿ ಮ್ಯೂರ್ ಬೀದಿಯ ಮಸೀದಿ, ಕೆಲವು ಚರ್ಚುಗಳು ಬಯಲಿನ ನಡುವೆ ಒಂಟಿಯಾಗಿ ಉಳಿದವು. ಈ ಕಾಯ್ದೆ ಇಸ್ಲಾಮಿಗೆ ವಿರುದ್ಧವೆಂದು ಸಾರಿದ ಕೇಪ್‌ಟೌನಿನ ಇಮಾಮ್ ಅಬ್ದುಲ್ಲಾ ಹಾರೂನ್ 1969ರಲ್ಲಿ ಪೊಲೀಸ್ ಬಂಧನದಲ್ಲಿ ಸತ್ತರು. ಮೆಟ್ಟಿಲಿನಿಂದ ಬಿದ್ದರೆಂದು ಪೊಲೀಸರು ಹೇಳಿದ್ದನ್ನು ನ್ಯಾಯಾಲಯ ತಳ್ಳಿಹಾಕಿದ್ದು 2023ರಲ್ಲಿ.

ಒಳಗಿನವರೇ ಕ್ಯಾಮೆರಾ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಡರ್ಬನ್ನಿನ ಉಮರ್ ಬಾದ್‌ಶಾ ಉದಾಹರಣೆ. 1945ರಲ್ಲಿ ಗುಜರಾತಿ ಮುಸ್ಲಿಮ್ ಕುಟುಂಬದಲ್ಲಿ ಹುಟ್ಟಿದವರು, ಚಿತ್ರಕಲಾವಿದರು, ಕಾರ್ಮಿಕ ಸಂಘಟಕರು. ಸರ್ಕಾರ ವರ್ಷಾನುಗಟ್ಟಲೆ ಅವರಿಗೆ ಪಾಸ್‌ಪೋರ್ಟ್ ಕೊಡಲಿಲ್ಲ. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ಅವರು ಫಾತಿಮಾ ಮೀರ್ ಅವರ ಸಂಸ್ಥೆಯ ಮೂಲಕ ‘ಲೆಟರ್ ಟು ಫರ್ಜಾನಾ’ ಎಂಬ ಚಿತ್ರಪುಸ್ತಕ ತಂದರು, ತಮ್ಮ ಎಳೆಯ ಮಗಳಿಗೆ ಬರೆದ ಪತ್ರದ ರೂಪದಲ್ಲಿ. ಈ ದೇಶದಲ್ಲಿ ಮಕ್ಕಳು ಹೇಗೆ ಬದುಕುತ್ತಿದ್ದಾರೆ ನೋಡು ಮಗಳೇ ಎಂದು ತಂದೆ ತೋರಿಸುವುದು ಅದರ ಧಾಟಿ. ಸರ್ಕಾರ ಅದನ್ನು ನಿಷೇಧಿಸಿತು. ಮಗಳಿಗೆ ಬರೆದ ಪತ್ರಕ್ಕೆ ಪ್ರಭುತ್ವ ಹೆದರಿದ್ದು ನಗು ತರಿಸಬಹುದು, ಆದರೆ ಪ್ರಭುತ್ವದ ಲೆಕ್ಕ ತಪ್ಪಾಗಿರಲಿಲ್ಲ. ಘೋಷಣೆಯ ಪೋಸ್ಟರನ್ನು ಗೋಡೆಯಿಂದ ಕೀಳಬಹುದು, ತಂದೆ ಮಗಳ ನಡುವಿನ ಮಾತನ್ನು ಕೀಳುವುದು ಕಷ್ಟ.

ಬಾದ್‌ಶಾ ಮತ್ತು ಗೆಳೆಯರು 1982ರಲ್ಲಿ ಆಫ್ರಾಪಿಕ್ಸ್ ಎಂಬ ಛಾಯಾಗ್ರಾಹಕರ ಕೂಟ ಕಟ್ಟಿದರು. ಮೆರವಣಿಗೆ, ಶವಯಾತ್ರೆ, ಮುಷ್ಕರಗಳ ಚಿತ್ರಗಳನ್ನು ಹೊರಜಗತ್ತಿಗೆ ತಲುಪಿಸಿದ್ದು ಇವರೇ. 1986ರಲ್ಲಿ ಬಡತನದ ಅಧ್ಯಯನವೊಂದರ ಅಂಗವಾಗಿ ಇಪ್ಪತ್ತು ಮಂದಿ ಛಾಯಾಗ್ರಾಹಕರ ಚಿತ್ರಗಳನ್ನು ಬಾದ್‌ಶಾ ಸಂಪಾದಿಸಿದರು. ಅದು ಕಾರ್ನೆಗಿ ನಿಧಿಯ ನೆರವಿನ ಎರಡನೇ ಅಧ್ಯಯನ. 1930ರ ಸುಮಾರಿಗೆ ನಡೆದ ಮೊದಲನೆಯದು ಬಡ ಬಿಳಿಯರನ್ನು ಮಾತ್ರ ಕುರಿತದ್ದಾಗಿತ್ತು. ಹೋರಾಟದ ಛಾಯಾಗ್ರಹಣವೆಂದರೆ ಬರೀ ಕೂಗು ಎಂದು ತಿಳಿದವರು ಬಾದ್‌ಶಾ ಅವರ ಗ್ರೇ ಸ್ಟ್ರೀಟಿನ ಚಿತ್ರಗಳನ್ನೂ ಇನಾಂಡಾದ ಗುಡಿಸಲುಗಳ ಚಿತ್ರಗಳನ್ನೂ ಒಮ್ಮೆ ನೋಡಬೇಕು. ಮಾತು ಕಡಿಮೆ, ಸಲುಗೆ ಹೆಚ್ಚು. ಹಾಗಾಗಿ ಕೂಗುವವರು, ಸುಮ್ಮನಿರುವವರು ಎಂಬ ಎರಡು ಪಾಳೆಯಗಳ ಲೆಕ್ಕವೂ ಪೂರ್ತಿ ಸರಿಯಲ್ಲ. ಗೋಲ್ಡ್‌ಬ್ಲಾಟ್ ಕೂಡ 1985ರಲ್ಲಿ, ಭದ್ರತಾ ಪೊಲೀಸರ ಹೊಡೆತಕ್ಕೆ ಸಿಕ್ಕಿ ಎರಡೂ ಕೈಗಳಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹದಿನೈದರ ಹುಡುಗನ ಚಿತ್ರ ತೆಗೆದಿದ್ದಾರೆ. ಅಲ್ಲಿ ಅವರೂ ದೂರ ನಿಲ್ಲಲಿಲ್ಲ.

ಆದರೆ ಅವರ ಅತ್ಯುತ್ತಮ ಕೆಲಸ ಯಾವುದೆಂದು ಕೇಳಿದರೆ ನಾವು ತೋರಿಸುವುದು ಕ್ವಾನ್‌ಡೆಬೆಲೆಯ ಬಸ್ಸುಗಳನ್ನು. ಕಪ್ಪು ಜನರನ್ನು ‘ತಾಯ್ನಾಡು’ ಎಂದು ಹೆಸರಿಟ್ಟ ಬರಡು ಜಾಗಗಳಿಗೆ ಅಟ್ಟಿದ ಮೇಲೂ ಪ್ರಿಟೋರಿಯಕ್ಕೆ ಅವರ ದುಡಿಮೆ ಬೇಕಿತ್ತು. ಆದ್ದರಿಂದ ನಡುರಾತ್ರಿ ಕಳೆದು ಎರಡು ಮೂರು ಗಂಟೆಗೆ ಬಸ್ಸು ಹೊರಡುತ್ತಿತ್ತು. ಹೋಗಿ ಬರುವುದಕ್ಕೆ ಕೆಲವರಿಗೆ ದಿನಕ್ಕೆ ಎಂಟು ಗಂಟೆ. 1983–84ರಲ್ಲಿ ಗೋಲ್ಡ್‌ಬ್ಲಾಟ್ ಅವರ ಜೊತೆ ಪ್ರಯಾಣ ಮಾಡಿದರು. ಚಿತ್ರಗಳಲ್ಲಿ ಕತ್ತಲು, ನಿದ್ದೆಗೆ ವಾಲಿದ ತಲೆಗಳು, ಕಂಬಳಿ ಹೊದ್ದ ದೇಹಗಳು. ಬಸ್ಸಿನ ಕುಲುಕಾಟಕ್ಕೆ ಕೆಲವು ಚಿತ್ರ ಅಲುಗಿವೆ, ಕಲಾತ್ಮಕತೆಗೆಂದು ಮಾಡಿದ್ದಲ್ಲ. ನಿದ್ದೆಯನ್ನು ಕದಿಯುವ ಕಳ್ಳತನಕ್ಕೆ ಯಾವ ದಂಡಸಂಹಿತೆಯಲ್ಲೂ ಹೆಸರಿಲ್ಲ. ಈ ಚಿತ್ರಗಳು ಹೆಸರಿಡದೆಯೇ ಅದನ್ನು ಹಿಡಿದಿವೆ.

ಆ ಕಾಲದುದ್ದಕ್ಕೂ ಅವರು ತಮ್ಮ ಸ್ವಂತ ಕೆಲಸಕ್ಕೆ ಬಣ್ಣದ ಫಿಲ್ಮ್ ಬಳಸಲಿಲ್ಲ. ಒಳಗಿನ ಸಿಟ್ಟಿಗೆ ಬಣ್ಣ ತೀರ ಸಿಹಿಯಾಗುತ್ತದೆ ಎಂಬುದು ಅವರ ಕಾರಣ. ಸಿಟ್ಟಿತ್ತು ಎಂಬುದನ್ನು ಗಮನಿಸಬೇಕು. 1989ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಅವರು ಆರಂಭಿಸಿದ ಮಾರ್ಕೆಟ್ ಫೋಟೊ ವರ್ಕ್‌ಶಾಪ್ ಬಣ್ಣದ ಭೇದವಿಲ್ಲದೆ ತರುಣರಿಗೆ ಕ್ಯಾಮೆರಾ ಕಲಿಸಿತು. ಹೊಸ ಪ್ರಭುತ್ವ ಬಂದ ಮೇಲೂ ಅವರು ಅದರ ಆಸ್ಥಾನಿಕರಾಗಲಿಲ್ಲ. 2011ರಲ್ಲಿ ಸರ್ಕಾರಿ ಮಾಹಿತಿಯನ್ನು ಮುಚ್ಚಿಡುವ ಮಸೂದೆಯನ್ನು ವಿರೋಧಿಸಿ ರಾಷ್ಟ್ರದ ಗೌರವವೊಂದನ್ನು ನಿರಾಕರಿಸಿದರು.

ಅವರ ಕೊನೆಯ ನಿರ್ಧಾರವೊಂದು ಮಾತ್ರ ನಮಗೆ ಕಹಿಯಾಗಿಯೇ ಉಳಿದಿದೆ. 2016ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚಳವಳಿಯ ವೇಳೆ ಕಲಾಕೃತಿಗಳನ್ನು ಸುಡಲಾಯಿತು, ಉಳಿದ ಕೆಲವನ್ನು ಆಡಳಿತ ಗೋಡೆಯಿಂದ ತೆಗೆಸಿತು. ಇಲ್ಲಿ ಅಭಿವ್ಯಕ್ತಿಗೆ ರಕ್ಷಣೆಯಿಲ್ಲ ಎಂದು ಗೋಲ್ಡ್‌ಬ್ಲಾಟ್ ತಮ್ಮ ಸಂಗ್ರಹವನ್ನು ಅಲ್ಲಿಂದ ಹಿಂಪಡೆದು 2017ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ತತ್ವದ ಪ್ರಶ್ನೆಯಲ್ಲಿ ಅವರ ಹಟ ಅರ್ಥವಾಗುತ್ತದೆ. ಆದರೆ ಸುಟ್ಟವರ ಸಿಟ್ಟಿನ ಹಿಂದೆ ಏನಿತ್ತೆಂದು ಕಾದು ನೋಡುವ ಗೋಲ್ಡ್‌ಬ್ಲಾಟ್ ಆಗ ಎಲ್ಲಿದ್ದರು? ಮರುವರ್ಷ, 2018ರ ಜೂನಿನಲ್ಲಿ, ಅವರು ತೀರಿಕೊಂಡರು.

ಅದೇ 2017ರಲ್ಲಿ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ಬ್ಯಾಂಕೊಂದರ ಭದ್ರಕೋಣೆಯಿಂದ ಅರ್ನೆಸ್ಟ್ ಕೋಲ್ ಅವರ ಸುಮಾರು 60,000 ನೆಗೆಟಿವ್‌ಗಳು ಹೊರಬಂದು ಅವರ ಕುಟುಂಬದ ಕೈಸೇರಿದವು. ಅವು ಅಲ್ಲಿಗೆ ಹೇಗೆ ಸೇರಿದವೆಂಬುದನ್ನು ರಾವುಲ್ ಪೆಕ್ ಅವರ 2024ರ ಸಾಕ್ಷ್ಯಚಿತ್ರವೂ ಕೆದಕುತ್ತದೆ. ಒಂದು ಪೆಟ್ಟಿಗೆ ದೇಶ ಬಿಟ್ಟ ವರ್ಷವೇ ಇನ್ನೊಂದು ಪೆಟ್ಟಿಗೆ ಮನೆಯ ದಾರಿ ಹಿಡಿದಿತ್ತು. ಫಿಯೆಟಾಸಿನಲ್ಲಿ ಬಿಳಿಯರಿಗಾಗಿ ಖಾಲಿ ಮಾಡಿಸಿದ ಜಾಗದಲ್ಲಿ ಬಹುಪಾಲು ಎಷ್ಟೋ ವರ್ಷ ಹುಲ್ಲು ಬೆಳೆಯಿತು. ಹದಿನಾಲ್ಕನೇ ಬೀದಿಯಲ್ಲಿ ಒಡೆಯದೆ ಉಳಿದ ಒಂದು ಕಟ್ಟಡದಲ್ಲಿ, ಹಳೆಯ ನಿವಾಸಿಗಳು ಮುಂದೆ ಒಂದು ಸಣ್ಣ ವಸ್ತುಸಂಗ್ರಹಾಲಯ ತೆರೆದರು.